ಪಟ್ಟಿ ಪಂಡಿತ

ಡಿಸೆಂಬರ್ ತಿಂಗಳಲ್ಲಿ ಗುಂಡ್ಲುಪೇಟೆ ಬಸ್ ನಿಲ್ದಾಣದ ಟೀ ಅಂಗಡಿಗಳಲ್ಲಿ ಎರಡು ವಿಷಯಗಳ ಮೇಲೆ ಮಾತು ನಡೆಯುತ್ತದೆ. ಒಂದು, ಅರಿಶಿನದ ದರ. ಇನ್ನೊಂದು, ಈ ವರ್ಷದ ಅತ್ಯುತ್ತಮ ವಿಡಿಯೊ ಗೇಮ್ ಯಾವುದು ಅನ್ನುವುದು. ಮೊದಲನೆಯದನ್ನು ಎಲ್ಲರೂ ಮಾತಾಡುತ್ತಾರೆ. ಎರಡನೆಯದನ್ನು ಒಬ್ಬನೇ ಮಾತಾಡುತ್ತಾನೆ, ಉಳಿದವರು ಟೀ ಮುಗಿಯುವವರೆಗೆ ಸಹಿಸಿಕೊಳ್ಳುತ್ತಾರೆ. ಈ ಒಬ್ಬನೇ ಪಟ್ಟಿ ಪಂಡಿತ. ಹೆಸರು ಬೇಡ. ಗುಂಡ್ಲುಪೇಟೆಯಲ್ಲಿ ಬೀದಿಗೊಬ್ಬ ಇದ್ದಾನೆ. ಚಾಮರಾಜನಗರ ಜಿಲ್ಲಾ ಕೇಂದ್ರವಾದ್ದರಿಂದ ಅಲ್ಲಿ ಬೀದಿಗಿಬ್ಬರು.

ಗುರುತು ಹಿಡಿಯುವುದು ಸುಲಭ. ಎರಡೂ ಹೆಬ್ಬೆರಳಿಗೆ ತೆಳ್ಳನೆ ಬಟ್ಟೆಯ ಪುಟ್ಟ ಟೋಪಿ ತೊಡಿಸಿರುತ್ತಾನೆ. ಬೆವರಿಗೆ ಬೆರಳು ಸ್ಕ್ರೀನಿನ ಮೇಲೆ ಅಂಟದಿರಲೆಂದು ಬಿಜಿಎಂಐ ಎಂಬ ಮೊಬೈಲ್ ಆಟ ಆಡುವವರು ಹಾಕಿಕೊಳ್ಳುವ ಥಂಬ್ ಸ್ಲೀವ್ ಅದು. ಟೋಪಿ ಕಳೆದುಹೋದ ದಿನ ತಂಗಿಯ ಪೌಡರ್ ಡಬ್ಬಿಗೆ ಕೈ ಹೋಗುತ್ತದೆ. ಮೊಬೈಲಿನ ಬೆನ್ನಿಗೆ ಒಂದು ಸಣ್ಣ ಫ್ಯಾನು ಕಚ್ಚಿಕೊಂಡಿರುತ್ತದೆ. ಅಜ್ಜಿ ಮಲಗುವ ಕೋಣೆಗೆ ಇನ್ನೂ ಫ್ಯಾನು ಬಂದಿಲ್ಲ.

‘ಇದು ನನ್ನ ಪರ್ಸನಲ್ ಲಿಸ್ಟು ಕಣಣ್ಣ, ಯಾರ್ದೂ ಕಾಪಿ ಅಲ್ಲ’ ಎಂದೇ ಅವನು ಶುರು ಮಾಡುವುದು. 2025ರ ದೊಡ್ಡ ಪ್ರಶಸ್ತಿ ‘ದಿ ಗೇಮ್ ಅವಾರ್ಡ್ಸ್’ ಲಾಸ್ ಏಂಜಲೀಸ್‌ನಲ್ಲಿ ಡಿಸೆಂಬರ್ 11ರ ರಾತ್ರಿ ಘೋಷಣೆಯಾಯಿತು. ನಮಗೆ ಆಗ 12ರ ಬೆಳಗು. ಪಂಡಿತನ ಪರ್ಸನಲ್ ಪಟ್ಟಿ ಅದೇ ಮಧ್ಯಾಹ್ನ ವಾಟ್ಸಾಪ್ ಸ್ಟೇಟಸ್ಸಿಗೆ ಏರಿತು. ಅಲ್ಲಿ ಗೆದ್ದದ್ದು ‘ಕ್ಲೇರ್ ಓಬ್ಸ್ಕ್ಯೂರ್: ಎಕ್ಸ್‌ಪೆಡಿಶನ್ 33’. ಇವನಿಗೂ ಅದೇ ಮೊದಲು. ಕಾಕತಾಳೀಯ. 2022ರಲ್ಲಿ ‘ಎಲ್ಡನ್ ರಿಂಗ್’, 2023ರಲ್ಲಿ ‘ಬಾಲ್ಡರ್ಸ್ ಗೇಟ್ 3’, 2024ರಲ್ಲಿ ‘ಆಸ್ಟ್ರೋ ಬಾಟ್’, ಹೀಗೆ ನಾಲ್ಕು ವರ್ಷದಿಂದ ಆ ಪ್ರಶಸ್ತಿಯ ತೀರ್ಪುಗಾರರಿಗೂ ನಮ್ಮೂರ ಪಂಡಿತನಿಗೂ ಒಂದು ಸಲವೂ ಅಭಿಪ್ರಾಯಭೇದ ಬಂದಿಲ್ಲ.

ಇವುಗಳಲ್ಲಿ ಅವನು ಆಡಿದ್ದೆಷ್ಟು ಎಂದು ಕೇಳುವುದು ಸಭ್ಯತೆಯಲ್ಲ. ಆದರೂ ಲೆಕ್ಕ ಹಾಕೋಣ. ‘ಬಾಲ್ಡರ್ಸ್ ಗೇಟ್ 3’ಕ್ಕೆ ಕಂಪ್ಯೂಟರಿನಲ್ಲಿ 150 ಜಿಬಿ ಜಾಗ ಬೇಕು. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕಿನಲ್ಲಿ, ಒಂದು ರೀಲ್ಸನ್ನೂ ನೋಡದೆ ಇಳಿಸಿಕೊಂಡರೆ ನೂರು ದಿನ. ‘ಆಸ್ಟ್ರೋ ಬಾಟ್’ ಇರುವುದು ಪ್ಲೇಸ್ಟೇಷನ್ 5ರಲ್ಲಿ ಮಾತ್ರ; 2021ರಲ್ಲಿ ಅದು ಭಾರತಕ್ಕೆ ಬಂದಾಗಲೇ ಬೆಲೆ 49,990 ರೂಪಾಯಿ. ಪಂಡಿತನ ಮನೆಯಲ್ಲಿ ಅಷ್ಟು ಬೆಲೆಯ ವಸ್ತುವೆಂದರೆ ಹಸು ಒಂದೇ. ‘ಎಲ್ಡನ್ ರಿಂಗ್’ ಮಾತ್ರ ಅವನು ಆಡಿದ್ದು ನಿಜ. ಮೈಸೂರಿನ ಒಂದು ಗೇಮಿಂಗ್ ಕೆಫೆಯಲ್ಲಿ ಗಂಟೆಗಿಷ್ಟೆಂದು ಕೊಟ್ಟು ಕೂತಿದ್ದ. ಆಟ ತೆರೆದು ಬಯಲಿಗೆ ಬಂದ ಕೂಡಲೇ ಚಿನ್ನದ ಕವಚದ ಕುದುರೆ ಸವಾರನೊಬ್ಬ ಎದುರಾಗುತ್ತಾನೆ. ಅವನನ್ನು ಬಳಸಿಕೊಂಡು ಮುಂದೆ ಹೋಗಬಹುದೆಂದು ಬಲ್ಲವರೆಲ್ಲ ಹೇಳುತ್ತಾರೆ. ಪಂಡಿತ ಬಳಸಲಿಲ್ಲ. ಕೊಟ್ಟ ದುಡ್ಡು ಮುಗಿಯುವವರೆಗೂ ಅವನೆದುರು ಸಾಯುತ್ತಲೇ ಇದ್ದು, ಕೊನೆಯ ಬಸ್ಸು ಹಿಡಿದು ಊರಿಗೆ ಬಂದ. ‘ವರ್ಲ್ಡ್ ಡಿಸೈನ್ ಬೆಂಕಿ ಅಣ್ಣ’ ಅನ್ನುತ್ತಾನೆ. ಅವನು ಕಂಡ ವರ್ಲ್ಡು ಆ ಕುದುರೆಯ ಗೊರಸು.

ಉಳಿದದ್ದನ್ನೆಲ್ಲ ಯೂಟ್ಯೂಬಿನಲ್ಲಿ ಬೇರೆಯವರು ಆಡುವುದನ್ನು ನೋಡಿಯೇ ಮುಗಿಸಿದ್ದಾನೆ. ಇದನ್ನು ನಾನು ತಪ್ಪೆನ್ನಲಾರೆ. ಕ್ರಿಕೆಟ್ಟಿನ ಬಗ್ಗೆ ಮಾತಾಡುವ ನಾವೆಲ್ಲ ಲಾರ್ಡ್ಸ್‌ನಲ್ಲಿ ಬ್ಯಾಟು ಬೀಸಿ ಬಂದವರೇನಲ್ಲ.

ಪಟ್ಟಿಯ ಮೇಲಿನ ಪ್ರವಚನ ಮೊದಲು ನಡೆಯುವುದು ಮನೆಯ ಜಗಲಿಯಲ್ಲಿ. ಈ ಸಲ ಅಜ್ಜಿ ಕಡಲೆಕಾಯಿ ಸುಲಿಯುತ್ತಿದ್ದಾಗ ‘ಎಕ್ಸ್‌ಪೆಡಿಶನ್ 33’ರ ಕಥೆ ಶುರುವಾಯಿತು. ಫ್ರಾನ್ಸಿನವರು ಮಾಡಿದ ಆಟ ಅಜ್ಜಿ, ಅದ್ರಲ್ಲಿ ಚಿತ್ರ ಬರಿಯೋ ಒಬ್ಳು ದೊಡ್ಡ ಹೆಂಗಸು ವರ್ಷಕ್ಕೊಂದ್ಸಲ ಎದ್ದು ಒಂದು ನಂಬರ್ ಬರೀತಾಳೆ, ಅಷ್ಟು ವಯಸ್ಸಿನೋರೆಲ್ಲ ಹೊಗೆಯಾಗಿ ಗಾಳಿಗೆ ಹಾರೋಗ್ತಾರೆ, ವರ್ಷವರ್ಷಾನೂ ನಂಬರು ಒಂದೊಂದೇ ಇಳೀತದೆ, ಈಗ ಮೂವತ್ಮೂರಕ್ಕೆ ಬಂದದೆ. ಅಜ್ಜಿ ಕೈಯಲ್ಲಿದ್ದ ಕಾಯಿ ಬಿಟ್ಟು ಸ್ವಲ್ಪ ಯೋಚಿಸಿತು.

‘ನಂಗ ಎಪ್ಪತ್ತೆಂಟು ಕನ ಕೂಸು. ನನ್ನ ನಂಬ್ರ ಬರಿಯಾದ್ನೇ ಮರ್ತ್‌ಬುಟ್ಟವ್ಳಾ ಅವ್ಳು?’

ಇಡೀ ಡಿಸೆಂಬರಿನಲ್ಲಿ ಆ ಆಟದ ಬಗ್ಗೆ ನಾನು ಕೇಳಿದ ಒಳ್ಳೆಯ ವಿಮರ್ಶೆ ಇದೊಂದೇ.

ಪಟ್ಟಿಯ ಎರಡನೆಯ ಜಾಗ ‘ಹಾಲೊ ನೈಟ್: ಸಿಲ್ಕ್‌ಸಾಂಗ್’ಗೆ. ಬರುತ್ತದೆಂದು 2019ರಲ್ಲೇ ಹೇಳಿ 2025ರ ಸೆಪ್ಟೆಂಬರ್ 4ಕ್ಕೆ ಬಂತು. ಕೊಳ್ಳುವವರ ನೂಕುನುಗ್ಗಲಿಗೆ ಆನ್‌ಲೈನ್ ಅಂಗಡಿಗಳೇ ಕುಸಿದು ಕೂತವು. ಆರು ವರ್ಷ ಕಾಯಿಸಿದರು ಎಂದು ಪಂಡಿತ ಕಣ್ಣಲ್ಲಿ ನೀರು ತಂದುಕೊಂಡರೆ ಟೀ ಅಂಗಡಿಯಲ್ಲಿ ಯಾರಿಗೂ ಕರುಳು ಚುರುಕ್ ಅನ್ನಲಿಲ್ಲ. ಚಾಮರಾಜನಗರದಿಂದ ಮೆಟ್ಟುಪಾಳ್ಯಕ್ಕೆ ರೈಲು ಬರುತ್ತದೆಂದು ಕೇಳುತ್ತಲೇ ತಲೆ ನರೆಸಿಕೊಂಡ ಜಿಲ್ಲೆ ಇದು.

ಅವನ ಪಂಚಾಂಗವೂ ಬೇರೆ. 2020ರ ಸೆಪ್ಟೆಂಬರ್ 2 ಅವನಿಗೆ ಕರಾಳ ದಿನ. ಅಂದು ಕೇಂದ್ರ ಸರ್ಕಾರ ಪಬ್‌ಜಿಯನ್ನು ನಿಷೇಧಿಸಿತು. ಮಗ ಈ ಹಾಳು ಆಟ ಬಿಟ್ಟರೆ ಬೆಟ್ಟಕ್ಕೆ ಬರುತ್ತೇನೆಂದು ಅವರವ್ವ ಮಾದಪ್ಪನಿಗೆ ಹರಕೆ ಹೊತ್ತಿದ್ದರು. ಮಾದಪ್ಪ ದಿಲ್ಲಿಯವರೆಗೂ ಕೈ ಚಾಚಿದನೆಂದು ಹಿಗ್ಗಿ, ಬೆಟ್ಟಕ್ಕೆ ಹೋಗಿ ಮುಡಿ ಕೊಟ್ಟು ಬಂದರು. ಕೂದಲು ಸರಿಯಾಗಿ ಬೆಳೆಯುವ ಮುನ್ನವೇ, 2021ರ ಜುಲೈನಲ್ಲಿ, ಅದೇ ಆಟ ಬಿಜಿಎಂಐ ಎಂಬ ಹೊಸ ಹೆಸರಿಟ್ಟುಕೊಂಡು ಬಂತು. 2022ರ ಜುಲೈನಲ್ಲಿ ಮತ್ತೆ ಮಾಯವಾಯಿತು, 2023ರ ಮೇ ತಿಂಗಳಲ್ಲಿ ಮತ್ತೆ ಪ್ರತ್ಯಕ್ಷ. ಅವ್ವ ಎರಡನೆಯ ಸಲ ಹರಕೆ ಹೊರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಗುಟ್ಟನ್ನೂ ಹೇಳಿಬಿಡಬೇಕು. ಪಂಡಿತ ದಿನಾ ರಾತ್ರಿ ಊಟವಾದ ಮೇಲೆ, ಕದ ಹಾಕಿಕೊಂಡು, ಯಾರಿಗೂ ಹೇಳದೆ ಆಡುವ ಆಟ ಬೇರೆಯೇ ಇದೆ. ‘ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ’. 2017ರಲ್ಲಿ ಅಲ್ಲಿನ ಮಾಲಿಯೊ ಎಂಬ ಕಂಪನಿ ಮಾಡಿದ್ದು, ಕಾಸಿಲ್ಲದೆ ಸಿಗುತ್ತದೆ, ಹಳೇ ಮೊಬೈಲಿನಲ್ಲೂ ಓಡುತ್ತದೆ. ಬಸ್ಸಿಗೆ ನಮಗೆ ಬೇಕಾದ ಬಣ್ಣ ಬಳಿದುಕೊಳ್ಳಬಹುದು. ಕರ್ನಾಟಕದ ಹುಡುಗರು ಕರ್ನಾಟಕ ಸಾರಿಗೆಯ ಕೆಂಪನ್ನೂ, ಕೇರಳದ ಹುಡುಗರು ತಮ್ಮ ಬಸ್ಸುಗಳ ಬಣ್ಣವನ್ನೂ ಜಾವಾದ ರಸ್ತೆಗೆ ಇಳಿಸಿದ್ದಾರೆ. ಪಂಡಿತನ ಬಸ್ಸಿನ ಮುಂದೆ ಬೋರ್ಡು: ಚಾಮರಾಜನಗರ – ಗುಂಡ್ಲುಪೇಟೆ, ಮಾರ್ಗ ತೆರಕಣಾಂಬಿ. ಕಿಟಕಿಯಾಚೆ ಅದ್ಯಾವುದೋ ದೇಶದ ತೆಂಗಿನ ತೋಟ, ಮಸೀದಿ, ಟೋಲ್‌ಗೇಟು. ಇಂಡೋನೇಷ್ಯಾದಲ್ಲೂ ವಾಹನ ಎಡಕ್ಕೇ ಓಡುವುದರಿಂದ ಅವನಿಗೆ ಪರಸ್ಥಳ ಅನ್ನಿಸುವುದಿಲ್ಲ. 2009ರಿಂದ ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ. ಇವನು ರಾತ್ರಿ ಹನ್ನೊಂದಕ್ಕೆ ಬಸ್ಸು ತೆಗೆಯುತ್ತಾನೆ, ಆನೆ ಅಡ್ಡ ಬರುವುದಿಲ್ಲ, ಅರಣ್ಯ ಇಲಾಖೆಯೂ ಬರುವುದಿಲ್ಲ.

ಒಮ್ಮೆ ಅವನ ಅಪ್ಪ ನೋಡಿಬಿಟ್ಟರು. ಡಿಪೋದಲ್ಲಿ ಕಂಡಕ್ಟರಾಗಿ ನಿವೃತ್ತಿಯಾದವರು. ಮಗನ ಹಿಂದೆ ನಿಂತು ಒಂದು ನಿಲ್ದಾಣದವರೆಗೂ ಸುಮ್ಮನಿದ್ದರು. ಆಮೇಲೆ ತಡೆಯಲಾಗಲಿಲ್ಲ.

‘ಲೇ, ಜನ ಹತ್ಕಂಡ್ರು, ಟಿಕೆಟ್ ಯಾರ್ಲಾ ಕೊಟ್ಟೋರು?’

‘ಟ್ರಿಪ್ ಮುಗುದ್ಮೇಲ ದುಡ್ಡು ಅದೇ ಬತ್ತದ ಕಣಪ್ಪ.’

‘ಹೆಂಗಸ್ರದೂನೂವಾ?’

2023ರ ಜೂನ್ 11ರಿಂದ ಹೆಂಗಸರಿಗೆ ಬಸ್ಸು ಉಚಿತ ಮಾಡಿದ ಶಕ್ತಿ ಯೋಜನೆ ಇದೆ, ಜಾವಾದವರಿಗೆ ಇದು ಗೊತ್ತಿಲ್ಲ ಅನ್ನುವುದು ಅಪ್ಪನ ತಕರಾರು. ಈಗ ಇಬ್ಬರೂ ಸೇರಿ ಆಡುತ್ತಾರೆ. ಮಗ ಸ್ಟೀರಿಂಗು, ಅಪ್ಪ ಬಾಯಲ್ಲೇ ರೈಟ್ ರೈಟ್.

ಪಟ್ಟಿಯಲ್ಲಿ ಈ ಆಟಕ್ಕೆ ಹತ್ತನೆಯ ಜಾಗವೂ ಇಲ್ಲ. ಯಾಕಯ್ಯಾ ಎಂದರೆ ‘ಅದೆಲ್ಲ ಗೇಮಾ ಅಣ್ಣ’ ಎಂದು ನಗುತ್ತಾನೆ. 2026ರ ಮೊದಲ ಸ್ಥಾನ ಮಾತ್ರ ಆಗಲೇ ಗೊತ್ತಾಗಿದೆ: ‘ಜಿಟಿಎ 6’. ಕಂಪನಿ ಹೇಳಿರುವ ದಿನ 2026ರ ನವೆಂಬರ್ 19. ಆಟ ಹೇಗಿರುತ್ತದೆಂಬ ಸಣ್ಣ ತೊಡಕು ಪಂಡಿತನನ್ನು ಕಾಡಿಲ್ಲ.

ನಿಮ್ಮೂರಿನಲ್ಲೂ ಇಂಥವನು ಸಿಕ್ಕಿದರೆ ಪಟ್ಟಿ ಕೇಳಲು ಹೋಗಬೇಡಿ, ಒಂದು ಟೀಗೆ ಮುಗಿಯುವುದಿಲ್ಲ. ಮೊಬೈಲ್ ಇಸಿದುಕೊಂಡು ಸೆಟ್ಟಿಂಗ್ಸ್‌ಗೆ ಹೋಗಿ, ಬ್ಯಾಟರಿಯನ್ನು ಯಾವ ಆಪ್ ಎಷ್ಟು ತಿಂದಿದೆ ಎಂಬ ಲೆಕ್ಕ ತೆಗೆದು ನೋಡಿ. ವರ್ಷದ ಆಟ ಯಾವುದೆಂದು ಅಲ್ಲಿ ಸರಿಯಾಗಿ ಬರೆದಿರುತ್ತದೆ.