ದನಕ್ಕೂ ಇಲ್ಲದ ಹುಲ್ಲು

(ಸಂಪಾಜೆ. ಮೇ ತಿಂಗಳ ಕೊನೆ. ಬೆಂಗಳೂರಿಂದ ಊರಿಗೆ ಮರಳಿದ ಮಗ ಹೊಸ ಮನೆಯ ಅಂಗಳಕ್ಕೆ ನೀರು ಬಿಡುತ್ತಿದ್ದಾನೆ.)

ದೊಡ್ಡಪ್ಪ: ಹುಲ್ಲು ದನಕ್ಕಾ ಮಗಾ?

ಮಗ: ಛೇ, ಇದು ಲಾನ್! ದನ ಒಳಗೆ ಬರಬಾರದು.

ದೊಡ್ಡಪ್ಪ: ಮತ್ತೆ ಎಂತಕ್ಕೆ?

ಮಗ: ನೋಡ್ಲಿಕ್ಕೆ. ಬರಿಗಾಲಲ್ಲಿ ನಡೀಲಿಕ್ಕೆ.

ದೊಡ್ಡಪ್ಪ: ಮಳೆಗಾಲದಲ್ಲಿ?

ಮಗ: ಜಿಗಣೆ ಉಂಟು. ಆಗ ನೋಡ್ಲಿಕ್ಕೆ ಮಾತ್ರ.

ದೊಡ್ಡಪ್ಪ: ಬೇಸಗೆಯಲ್ಲಿ?

ಮಗ: ಪಯಸ್ವಿನಿ ಹೊಳೆಗೆ ಪಂಪು ಇಟ್ಟಿದ್ದೇನೆ.

ದೊಡ್ಡಪ್ಪ: ನಮ್ಮ ಅಡಿಕೆ ತೋಟ ಹಳದಿ ಎಲೆ ರೋಗ ಬಂದ ಮೇಲೆ ಫಸಲು ನಿಲ್ಲಿಸಿತು. ನೀನು ಫಸಲೇ ಇಲ್ಲದ್ದನ್ನು ದುಡ್ಡು ಕೊಟ್ಟು ನೆಟ್ಟೆ! ತರಕಾರಿ ಎಲ್ಲಿಂದ?

ಮಗ: ಸುಳ್ಯದ ಅಂಗಡಿಯಿಂದ. ಘಟ್ಟದ ಮೇಲಿನ ಮಾಲು, ಫ್ರೆಶ್!

ದೊಡ್ಡಪ್ಪ: ನಮ್ಮ ಗೇಟಿನ ಎದುರೇ ಲಾರಿ ಇಳಿದು ಸುಳ್ಯಕ್ಕೆ ಹೋಗ್ತದೆ, ನೀನು ಕಾರಲ್ಲಿ ಹೋಗಿ ವಾಪಸು ತರ್ತೀ!

ಮಗ: ಅಂಗಳಕ್ಕೊಂದು ಲುಕ್ ಬೇಡವಾ ದೊಡ್ಡಪ್ಪ?

ದೊಡ್ಡಪ್ಪ: ಹಾಗಲದ ಚಪ್ಪರ, ಕೆಂಪು ಹರಿವೆಯ ಸಾಲು – ಅದು ಲುಕ್ಕಲ್ಲವಾ? ಪತ್ತನಾಜೆ ಕಳೆಯಿತು, ಇನ್ನು ಮಳೆಗಾಲವೇ. ಹಾರೆ ಹಿಡಿ. ಬೆಂಡೆ, ಅಲಸಂಡೆ, ಮುಳ್ಳುಸೌತೆ ಬೀಜ ನಾನು ಕೊಡ್ತೇನೆ. ಕಿತ್ತ ಹುಲ್ಲು ನನ್ನ ದನಕ್ಕಿರಲಿ.