ಅವ್ವ ಕ್ರಿಯಾಪದ, ನಾನು ಬರೀ 'ಮತ್ತು'

ಕೇಶಿರಾಜ ದೊಡ್ಡ ವೈಯಾಕರಣ ಅಂತ ಎಲ್ಲರಿಗೂ ಗೊತ್ತು. ದೊಡ್ಡ ಕುಟುಂಬವತ್ಸಲ ಅನ್ನುವುದು ಅಷ್ಟಾಗಿ ಯಾರ ಗಮನಕ್ಕೂ ಬಂದಂತಿಲ್ಲ. ಹದಿಮೂರನೆಯ ಶತಮಾನದಲ್ಲಿ 'ಶಬ್ದಮಣಿದರ್ಪಣ' ಬರೆದ ಈ ಮಹಾನುಭಾವ ತನ್ನ ಪರಿಚಯ ಹೇಳಿಕೊಳ್ಳುವಾಗ ತಾನು ಸುಮನೋಬಾಣನ ಮೊಮ್ಮಗ, ಜನ್ನನ ಸೋದರಳಿಯ, ಮಲ್ಲಿಕಾರ್ಜುನನ ಮಗ ಎಂದು ಬಳಗವನ್ನೆಲ್ಲ ಸಾಲಾಗಿ ನಿಲ್ಲಿಸುತ್ತಾನೆ. ನಮ್ಮ ಯಾದಗಿರಿ ಕಡೆ ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು "ಯಾರ ಪೈಕಿ ನೀವು?" ಅಂತ ಕೇಳಿದರೆ ನಾವೂ ಹೀಗೇ ಹೇಳುವುದು. ಸಂಧಿ, ಸಮಾಸ, ವಿಭಕ್ತಿ ಎಲ್ಲ ಆಮೇಲೆ, ಮೊದಲು ಬೀಗರು. ಹಾಗಾಗಿ ನ್ಯೂಜೆರ್ಸಿಯ ಎಡಿಸನ್ನಿನಲ್ಲಿ ಕೂತು ನಾನು ಮನೆಮಂದಿಯನ್ನೆಲ್ಲ ವ್ಯಾಕರಣದ ಖಾನೆಗಳಿಗೆ ಹಾಕಿದರೆ ಕೇಶಿರಾಜನೇನೂ ಬೇಸರ ಮಾಡಿಕೊಳ್ಳಲಾರ.

ನಮ್ಮದು ಯಾದಗಿರಿ. ಹೆಂಡತಿಯ ತವರು ಸುರಪುರ. ಅಕ್ಕನನ್ನು ಕೊಟ್ಟದ್ದು ಶಹಾಪುರಕ್ಕೆ. 2010ರಲ್ಲಿ ಗುಲಬರ್ಗಾದಿಂದ ಬೇರೆಯಾಗಿ ಯಾದಗಿರಿ ಜಿಲ್ಲೆ ಆದಾಗ ಇದ್ದದ್ದೇ ಈ ಮೂರು ತಾಲ್ಲೂಕು. ಅಂದರೆ ಇಡೀ ಜಿಲ್ಲೆಯೊಂದಿಗೆ ನಮಗೆ ಬೀಗತನ. ಆಮೇಲೆ ಸರಕಾರ ಹುಣಸಗಿ, ವಡಗೇರಾ, ಗುರುಮಠಕಲ್ ತಾಲ್ಲೂಕುಗಳನ್ನೂ ಮಾಡಿತು. ಅಷ್ಟು ಹೊತ್ತಿಗೆ ನಮ್ಮ ಮನೆಯಲ್ಲಿ ಮದುವೆಗೆ ಯಾರೂ ಉಳಿದಿರಲಿಲ್ಲ.

ಹೆಂಡತಿ ವಿಭಕ್ತಿ ಪ್ರತ್ಯಯ. ಮನೆಯಲ್ಲಿ ನಾಮಪದಗಳಿಗೇನೂ ಕೊರತೆಯಿಲ್ಲ: ಮಗಳು, ಮಗ, ಕಾರು, ಈಜು, ಹಲ್ಲಿನ ಡಾಕ್ಟರು, ಭರತನಾಟ್ಯ. ಯಾರನ್ನು, ಯಾರಿಂದ, ಎಲ್ಲಿಗೆ, ಯಾತರಲ್ಲಿ ಎಂಬುದನ್ನು ಅಂಟಿಸುವವಳು ಇವಳು. ಪ್ರತ್ಯಯ ಗಟ್ಟಿಯಿದ್ದರೆ ಕನ್ನಡದಲ್ಲಿ ಪದಗಳನ್ನು ಹಿಂದುಮುಂದು ಮಾಡಿದರೂ ಅರ್ಥ ಕೆಡುವುದಿಲ್ಲ. ಇವಳಿದ್ದರೆ ನಮ್ಮ ಶನಿವಾರವೂ ಕೆಡುವುದಿಲ್ಲ. ಒಮ್ಮೆ ಇವಳು ತವರಿಗೆ ಹೋದಾಗ ಫ್ರಿಜ್ಜಿನ ಮೇಲೆ ಅಂಟಿಸಿಟ್ಟ ಚೀಟಿಯಲ್ಲಿ ಬರೀ ನಾಮಪದಗಳಿದ್ದವು: ಈಜು, ಹಲ್ಲು, ನಾಲ್ಕು ಗಂಟೆ. ಮಕ್ಕಳೂ ನಾನೂ ಒಬ್ಬರ ಬಾಯಿ ಒಬ್ಬರು ನೋಡಿಕೊಂಡೆವು. ಹಲ್ಲು ಯಾರದು?

ಶಹಾಪುರದ ಅಕ್ಕ ಜೋಡುನುಡಿ. "ಊಟಗೀಟ ಆತೇನೋ? ಕೆಲಸಗಿಲಸ ಹೆಂಗದ? ಅಲ್ಲಿ ಚಳಿಗಿಳಿ ಭಾಳೇನು?" ಊಟಕ್ಕೆ ಅರ್ಥವಿದೆ, ಗೀಟಕ್ಕೆ ಯಾವ ನಿಘಂಟಿನಲ್ಲೂ ಇಲ್ಲ. ಆದರೂ ಗೀಟ ಬಿಟ್ಟರೆ ಊಟ ಬರೀ ಊಟ, ಅದರಲ್ಲಿ ಅಕ್ಕರೆಯಿಲ್ಲ. ಆ ಗೀಟವೇ ನಮ್ಮ ಮಾಮಾ. ವಿಡಿಯೊ ಕಾಲಿನ ತುಂಬ ಅಕ್ಕನ ಮುಖ, ಅವಳ ಹೆಗಲ ಹಿಂದೆ ಮಾಮಾನ ಅರ್ಧ ಮೀಸೆ, ಒಂದು ಕಿವಿ. ಅಕ್ಕ "ಬಿಸಲಂದ್ರ ಬಿಸಲು" ಅಂದರೆ ಹಿಂದಿನಿಂದ "ಬಿಸಲು" ಅಂತ ಬರುತ್ತದೆ. ಒಂದು ಸಲ ಅಕ್ಕ ಫೋನು ಅವರ ಕೈಗಿಟ್ಟು ಒಲೆ ನೋಡಲು ಒಳಗೆ ಹೋದಳು. ಮಾಮಾ ಬಹಳ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಮಾಳಿಗೆ ಹತ್ತಿ, ಕ್ಯಾಮೆರಾ ತಿರುಗಿಸಿ, ಊರಿನ ಮಲಗಿದ ಬುದ್ಧನ ಗುಡ್ಡ ತೋರಿಸಿದರು. ಬುದ್ಧನೂ ಏನೂ ಮಾತಾಡಲಿಲ್ಲ. ಮೂವರೂ ಆರಾಮವಾಗಿದ್ದೆವು.

ಯಾದಗಿರಿಯ ಕಾಕಾ ಸಂಭಾವನಾರ್ಥಕ. ಮುಂಬೈ-ಚೆನ್ನೈ ಮಾರ್ಗದ ರೈಲು ಸ್ಟೇಷನ್ನಿನ ಹತ್ತಿರವೇ ಅವನ ಮನೆ, ಭಾಷೆಯೂ ಅಲ್ಲಿಯದೇ. ಗಾಡಿ ಬಂದೀತು, ಮಳಿ ಆದೀತು, ಭೀಮಾ ಹೊಳಿ ತುಂಬೀತು. 2013ರಲ್ಲಿ ನಮ್ಮ ಭಾಗದವರಿಗೆ ನೌಕರಿಯಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿ ಜಾರಿಗೆ ಬಂದಾಗ ಮಾತ್ರ "ಆತು ನೋಡು!" ಅಂತ ಭೂತಕಾಲ ಬಳಸಿದ. ಬೆನ್ನಿಗೇ "ಇನ್ನ ನಮ್ಮ ಹುಡುಗಗ ನೌಕರಿ ಸಿಕ್ಕೀತು" ಅಂದು ಸ್ವಸ್ಥಾನಕ್ಕೆ ಮರಳಿದ. ಪ್ರತಿ ಯುಗಾದಿಗೂ ಫೋನು ಮಾಡಿ "ಗ್ರೀನ್ ಕಾರ್ಡ್ ಬಂತೇನೋ?" ಅಂತ ಕೇಳುತ್ತಾನೆ. "ಬಂದೀತು ಕಾಕಾ" ಅನ್ನುತ್ತೇನೆ. ಮನೆತನದ ಆಸ್ತಿ ಪಾಲಾಗುವಾಗ ನನಗೆ ಬಂದ ಭಾಗ ಇದೇ ಇರಬೇಕು.

ಸುರಪುರದ ಮುತ್ಯಾ, ಅಂದರೆ ಹೆಂಡತಿಯ ಅಜ್ಜ, ಅಪ್ಪಟ ಸಂಬೋಧನೆ. ಮೊಮ್ಮಗನೂ ಯಪ್ಪಾ, ಎತ್ತೂ ಯಪ್ಪಾ, ಸಿಲಿಂಡರ್ ತರುವವನೂ ಯಪ್ಪಾ. ಆ ಊರಿನ ಗುಣವೇ ಅದು. ಎಳೆಯ ರಾಜಾ ವೆಂಕಟಪ್ಪನಾಯಕ ತನ್ನ ಸಂಸ್ಥಾನ ನೋಡಿಕೊಳ್ಳಲು ಬಂದ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರನನ್ನೂ 'ಅಪ್ಪಾ' ಎಂದೇ ಕರೆಯುತ್ತಿದ್ದ. 1858ರಲ್ಲಿ ಅದೇ ರಾಜ ಇಂಗ್ಲಿಷರ ಮೇಲೆ ತಿರುಗಿಬಿದ್ದ. ಅಪ್ಪಾ ಅಂದಮಾತ್ರಕ್ಕೆ ಹೇಳಿದ್ದೆಲ್ಲ ಕೇಳುತ್ತಾರೆ ಅಂತ ತಿಳಿಯಬಾರದು. ವಿಡಿಯೊದಲ್ಲಿ ಮುತ್ಯಾ ನನ್ನ ಮಗಳಿಗೂ ಯಪ್ಪಾ ಅಂದ. "ನಾನು ಹುಡುಗಿ, ಮುತ್ಯಾ" ಎಂದು ಅವಳು ತಿದ್ದಿದಳು. "ಹೌದ ಬಿಡಪ್ಪಾ" ಅಂದ ಮುತ್ಯಾ.

ಆ ಮಗಳು ಪ್ರಕೃತಿಭಾವ. ಎರಡು ಸ್ವರ ಎದುರುಬದುರಾದರೂ ಸಂಧಿಯಾಗದೆ ತಮ್ಮ ಪಾಡಿಗೆ ತಾವಿದ್ದರೆ ವ್ಯಾಕರಣ ಅದಕ್ಕೆ ಕೊಟ್ಟ ಮರ್ಯಾದೆಯ ಹೆಸರದು. ನಾವು 'ಕೋಣೆ ಬಾಗಿಲು ಹಾಕ್ಕೊಂಡಾಳ' ಅನ್ನುತ್ತೇವೆ. ಮಗ ಅಕರ್ಮಕ. ಅವನ ಕನ್ನಡ ಅಷ್ಟಕ್ಕಷ್ಟೆ. ಆದರೆ 'ಗ್ಲಾಸ್ ಒಡೆದೆ' ಅನ್ನುವುದಕ್ಕೂ 'ಗ್ಲಾಸ್ ಒಡೀತು' ಅನ್ನುವುದಕ್ಕೂ ಇರುವ ಅಂತರ ಯಾವ ಮಾಸ್ತರರೂ ಕಲಿಸದೆ ಅವನಿಗೆ ಬಂದಿದೆ. ಹಾಲು ಚೆಲ್ತು, ರಿಮೋಟ್ ಮುರೀತು, ಚಾಕೊಲೇಟ್ ಮುಗೀತು. ಪಾಪ, ಅವನು ಅಲ್ಲಿ ಸುಮ್ಮನೆ ನಿಂತಿದ್ದ.

ಇನ್ನು ಅವ್ವ. ಅವಳು ಕ್ರಿಯಾಪದ, ಅದರಲ್ಲೂ ವಿಧ್ಯರ್ಥ: ಉಣ್ಣು, ಏಳು, ಬಾಗಿಲ ಹಾಕು. ಕನ್ನಡ ವಾಕ್ಯದಲ್ಲಿ ಕರ್ತೃ ಕರ್ಮಗಳೆಲ್ಲ ಬಂದು ಕಾಯುತ್ತ ಕೂರುತ್ತವೆ. ಏನಾಯಿತೆಂದು ತೀರ್ಮಾನವಾಗುವುದು ಕ್ರಿಯಾಪದ ಬಂದ ಮೇಲೆ. ಯಾದಗಿರಿಯ ಮನೆಯಲ್ಲೂ ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಪಡಸಾಲೆಗೆ ಬರುವತನಕ ಯಾವ ಮಾತೂ ಮುಗಿದದ್ದಿಲ್ಲ.

ಅಂಥವಳು ಆರು ತಿಂಗಳಿಗೆಂದು ಎಡಿಸನ್ನಿಗೆ ಬಂದಾಗ ವ್ಯಾಕರಣವೇ ಏರುಪೇರಾಯಿತು. ಪಾತ್ರೆ ಯಂತ್ರ ತೊಳೆಯಿತು, ಕಸ ಯಂತ್ರ ಗುಡಿಸಿತು. ಮನೆಮುಂದೆ ಕಟ್ಟೆಯಿಲ್ಲ, ಕಟ್ಟೆಗೆ ಬಂದು ಕೂರುವ ಓಣಿಯವರೂ ಇಲ್ಲ. ನೋಡು ಎಂಬ ಕ್ರಿಯೆ ನೋಟ ಎಂಬ ನಾಮಪದವಾಗುವುದನ್ನು ಶಾಲೆಯಲ್ಲಿ ಕೃದಂತ ಅಂತ ಓದಿದ್ದೆ. ಕಣ್ಣಾರೆ ಕಂಡದ್ದು ಇಲ್ಲಿ. ಅವ್ವ ಸೋಫಾದ ತುದಿಗೆ ಕೂತು, ಕಿಟಕಿಯಾಚೆಗಿನ ಹಿಮದತ್ತ ನೆಟ್ಟ ನೋಟವಾಗಿಬಿಟ್ಟಳು.

ಒಂದು ಬೆಳಿಗ್ಗೆ ಜೋಳದ ಹಿಟ್ಟಿನ ಚೀಲ ಅವಳ ಕಣ್ಣಿಗೆ ಬಿತ್ತು. ಎಸರು ಕುದಿಸಿ ಹಿಟ್ಟಿಗೆ ಸುರಿದು, ನಾದಿ ನಾದಿ, ಅಡುಗೆಮನೆಯ ಕಲ್ಲಿನ ಮೇಲೆ ರೊಟ್ಟಿ ಬಡಿಯಲು ಶುರುಮಾಡಿದಳು. ಪಟಪಟ, ಪಟಪಟ. ಇದು ಅನುಕರಣಾವ್ಯಯ. ಕಾದ ಹಂಚಿನ ಮೇಲೆ ಉದುರಿದ ಹಿಟ್ಟು ಸೀದು ಹೊಗೆಯೆದ್ದಿತು. ತಲೆಯ ಮೇಲಿನ ಸ್ಮೋಕ್ ಅಲಾರ್ಮು ಕೀಂಯ್ ಕೀಂಯ್ ಅಂದಿತು. ಇದೂ ಅನುಕರಣಾವ್ಯಯ. ಪ್ರಕೃತಿಭಾವ ಬಾಗಿಲು ತೆಗೆದು ಓಡಿಬಂತು. ಅವ್ವ ಅವಳ ಕೈಗೆ ಪೇಪರು ಕೊಟ್ಟು "ಬೀಸು" ಅಂದಳು, ಮೊಮ್ಮಗನಿಗೆ "ಕಿಡಕಿ ತೆಗಿ", ಸೊಸೆಗೆ "ಶೇಂಗಾಹಿಂಡಿ ತಾ". ಮಾಡು ಹೋಗಿ ಮಾಡಿಸು ಆಯಿತು. ಅಕರ್ಮಕ ಅನ್ನಿಸಿಕೊಂಡಿದ್ದವನು ಆವತ್ತು ಸಕರ್ಮಕನಾಗಿ ಕಿಟಕಿ ತೆಗೆದ.

ಉಳಿದವನು ನಾನು. ನಾನು 'ಮತ್ತು'. ಅವ್ವ ಮತ್ತು ಹೆಂಡತಿ, ಇವರ ನಡುವೆ ನಿಂತ ಅವ್ಯಯ. ಅಲ್ಲಿಯ ಮಾತಿನಲ್ಲಿ ಅರ್ಧ ನುಂಗಿ ಇಲ್ಲಿಗೆ, ಇಲ್ಲಿಯದರಲ್ಲಿ ಮುಕ್ಕಾಲು ನುಂಗಿ ಅಲ್ಲಿಗೆ ತಲುಪಿಸುವುದು ನನ್ನ ಕೆಲಸ. ನಾನಿಲ್ಲದೆ ಇವರಿಬ್ಬರೂ ಒಂದು ವಾಕ್ಯದಲ್ಲಿ ಇರಲಾರರು ಎಂಬ ಹೆಮ್ಮೆ ನನಗಿತ್ತು. ಆದರೆ ದ್ವಂದ್ವ ಸಮಾಸದಲ್ಲಿ ಎರಡು ಪದ ಕೂಡಿದೊಡನೆ ನಡುವಿನ 'ಮತ್ತು' ಕಾಣೆಯಾಗುತ್ತದೆ. ಒಬ್ಬಳು ಬಡಿದು, ಇನ್ನೊಬ್ಬಳು ಬೇಯಿಸಿ, ಅವ್ವ ಮತ್ತು ಹೆಂಡತಿ ಎಂಬವರು ನೋಡನೋಡುತ್ತ ಅತ್ತೆಸೊಸೆಯರಾದರು. ನಾನು ಮತ್ತೊಂದು ರೊಟ್ಟಿಗೆ ಕೈ ಚಾಚಿದೆ. "ಶುಗರ್ ಅದ, ಸಾಕು" ಎಂದು ಇಬ್ಬರೂ ಒಂದೇ ಉಸಿರಿಗೆ ಅಂದರು. ಅವ್ವ 'ನಿನಗ' ಎಂದೂ ಇವಳು 'ನಿಮಗ' ಎಂದೂ ಸೇರಿಸಿದ್ದು ಬಿಟ್ಟರೆ ಎರಡು ವಾಕ್ಯಕ್ಕೂ ಒಂದಕ್ಷರದ ವ್ಯತ್ಯಾಸವಿರಲಿಲ್ಲ.