ಫಾರ್ಮ್ಯಾಟ್ ಮಾವ

ಲ್ಯಾಪ್‌ಟಾಪ್ ಆನ್ ಆಗುತ್ತಿಲ್ಲ ಎಂದು ಫೋನ್ ಮಾಡಿದರೆ ಮಾವ ಮೊದಲು ಕೇಳುವುದು, “ಲೈಟ್ ಬರ್ತಿದೆಯಾ?” ಆಮೇಲೆ, “ಫ್ಯಾನ್ ಸದ್ದು ಕೇಳಿಸ್ತಿದೆಯಾ?” ಎರಡಕ್ಕೂ ನೀವು ಏನೇ ಉತ್ತರ ಕೊಡಿ, ಮೂರನೆಯ ಮಾತು ಬದಲಾಗುವುದಿಲ್ಲ: “ಯಾರೂ ಮುಟ್ಟೋಕೆ ಹೋಗ್ಬೇಡಿ. ಭಾನುವಾರ ಬರ್ತೀನಿ, ಫಾರ್ಮ್ಯಾಟ್ ಮಾಡ್ಬಿಡೋಣ.”

ಅವರು ಯಾರಿಗೆ ಮಾವ ಎಂದು ಹುಡುಕುತ್ತ ಹೊರಟರೆ ವಂಶವೃಕ್ಷ ಸಾಲುವುದಿಲ್ಲ. ಒಂದು ಮನೆಗೆ ಸೋದರಮಾವ, ಇನ್ನೊಂದಕ್ಕೆ ಭಾವನ ಷಡ್ಡಕ, ಮತ್ತೊಂದಕ್ಕೆ ಹಿಂದಿನ ಬೀದಿಯವರು, ಅಷ್ಟೇ. ಹೊಟ್ಟೆಪಾಡಿಗೆ ಬ್ಯಾಂಕಿನಲ್ಲೋ ವಿಮಾ ಕಚೇರಿಯಲ್ಲೋ ಇದ್ದಾರೆ. ಅವರ ಸಂಬಳಕ್ಕೂ ಕಂಪ್ಯೂಟರ್ ರಿಪೇರಿಗೂ ಸಂಬಂಧವಿಲ್ಲ. ನಂಟು ಬೆಳೆದದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ. ಮದರ್‌ಬೋರ್ಡ್ ಒಂದಂಗಡಿಯಲ್ಲಿ, ಕ್ಯಾಬಿನೆಟ್ ಇನ್ನೊಂದರಲ್ಲಿ ಚೌಕಾಸಿ ಮಾಡಿ ಕೊಂಡು, ಮಾನಿಟರನ್ನು ಆಟೋದಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಮನೆಗೆ ತಂದು, ಎಲ್ಲವನ್ನೂ ತಾವೇ ಜೋಡಿಸಿ ಸ್ವಿಚ್ ಒತ್ತಿದಾಗ ಅದು ನಿಜವಾಗಿಯೂ ಆನ್ ಆಯಿತು. ಆಗ ಏರಿದ ಆತ್ಮವಿಶ್ವಾಸ ಇಂದಿಗೂ ಇಳಿದಿಲ್ಲ.

ಭಾನುವಾರ ಹತ್ತು ಗಂಟೆಗೆ ಮಾವ ಬರುತ್ತಾರೆ. ಬೆನ್ನಿಗೆ ಒಂದು ಬ್ಯಾಗು. ಅದರಲ್ಲಿ ಸ್ಕ್ರೂಡ್ರೈವರ್ ಸೆಟ್ಟು, ಒಂದು ಹಿಡಿ ಪೆನ್‌ಡ್ರೈವು, ಶಾಲೆ ಮಕ್ಕಳ ಪೆನ್ಸಿಲ್ ರಬ್ಬರು (ರ್‍ಯಾಮ್ ಕಳಚಿ ಅದರ ಚಿನ್ನದ ಹಲ್ಲುಗಳನ್ನು ಉಜ್ಜಲು, ನಗಬೇಡಿ, ಎಷ್ಟೋ ಸಲ ಅಷ್ಟರಿಂದಲೇ ಯಂತ್ರ ಎದ್ದು ಕೂರುತ್ತದೆ), ಮತ್ತು ಜಿಪ್ ಹಾಕಿದ ಒಂದು ಸಿಡಿ ಪೌಚು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸಿಡಿ ಹಾಕುವ ಬಾಯಿಯೇ ಇಲ್ಲ. ಆದರೂ ಪೌಚ್ ಬರುತ್ತದೆ. ಒಳಗೆ ಸ್ಕೆಚ್ ಪೆನ್ನಿನಲ್ಲಿ ಹೆಸರು ಬರೆದ ಎಕ್ಸ್‌ಪಿ ಸಿಡಿ ಇದೆ. ಅದರ 25 ಅಕ್ಷರಗಳ ಕೀ ಮಾವನಿಗೆ ಬಾಯಿಪಾಠ, ಕೆಲವರಿಗೆ ವಿಷ್ಣುಸಹಸ್ರನಾಮ ಇರುವ ಹಾಗೆ. ಪಕ್ಕದಲ್ಲಿ ಉಬುಂಟು ಸಿಡಿ. ಕೇಳಿದವರಿಗೆಲ್ಲ ಬಿಟ್ಟಿಯಾಗಿ ಅಂಚೆಯಲ್ಲಿ ಸಿಡಿ ಕಳಿಸುತ್ತಿದ್ದ ಕಾಲವೊಂದಿತ್ತು, 2011ರಲ್ಲಿ ನಿಂತಿತು. ಮಾವ ಮನೆಯವರೆಲ್ಲರ ಹೆಸರಿನಲ್ಲೂ ತರಿಸಿಕೊಂಡಿದ್ದರು.

ಮೊದಲ ಕೆಲಸ ಬೂಟ್ ಮೆನು ಹಿಡಿಯುವುದು. ಡೆಲ್ ಆದರೆ ಎಫ್12, ಎಚ್‌ಪಿ ಆದರೆ ಎಫ್9. ಪವರ್ ಒತ್ತಿದ ಕೂಡಲೇ ಆ ಕೀ ಮೇಲೆ ಮಾವನ ತೋರುಬೆರಳು ಟಪಟಪನೆ ಬೀಳತೊಡಗುತ್ತದೆ. ಒಂದು ಕ್ಷಣ ತಪ್ಪಿದರೆ ವಿಂಡೋಸ್ ಚಿಹ್ನೆ ಬಂದು, ಅದರ ಕೆಳಗೆ ಚುಕ್ಕಿಗಳು ಸುತ್ತುತ್ತ, ಸ್ವಯಂ ರಿಪೇರಿಗೆ ಸಿದ್ಧತೆ ನಡೆದಿದೆ ಎಂಬ ಒಕ್ಕಣೆ ಕಾಣುತ್ತದೆ. “ತಾನೇ ರಿಪೇರಿ ಮಾಡ್ಕೊಳ್ಳೋ ಹಾಗಿದ್ರೆ ನಾನ್ಯಾಕೆ ಬರ್ಬೇಕಿತ್ತು?” ಎಂದು ಮಾವ ಪವರ್ ಬಟನ್ ಅದುಮಿ ಅದರ ಬಾಯಿ ಮುಚ್ಚಿಸುತ್ತಾರೆ.

ಒಂದು ಮಾತು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಲ್ಯಾಪ್‌ಟಾಪ್ ಏಳದಿರುವುದಕ್ಕೆ ಕಾರಣ ಹತ್ತಾರು. ಅಪ್‌ಡೇಟ್ ಅರ್ಧಕ್ಕೇ ನಿಂತಿರಬಹುದು, ಬೂಟ್ ಫೈಲ್ ಕೆಟ್ಟಿರಬಹುದು, ರ್‍ಯಾಮ್ ಸಡಿಲವಾಗಿರಬಹುದು, ಡಿಸ್ಕೇ ಕೊನೆಯುಸಿರು ಎಳೆಯುತ್ತಿರಬಹುದು. ಮಾವ ಇದ್ಯಾವುದನ್ನೂ ಪತ್ತೆ ಹಚ್ಚುವುದಿಲ್ಲ. ರೋಗ ಯಾವುದೆಂದು ತಿಳಿಯದೆಯೇ ವಾಸಿ ಮಾಡುವುದು ಅವರ ವಿದ್ಯೆ. ಅದು ಬಹುಪಾಲು ಫಲಿಸುವುದರಿಂದ “ಮಾವನ ಕೈಗುಣ ಒಳ್ಳೇದು” ಎಂಬ ಹೆಸರು ಬಂದಿದೆ. ಫಲಿಸದಿದ್ದರೆ ಅದು ಕಂಪನಿಯ ತಪ್ಪು: “ಈಗಿನ ಮಾಲೇ ಹಾಗೆ.”

ಅವರ ನಿಜವಾದ ದೊಡ್ಡತನ ಬೇರೆ ಕಡೆ ಇದೆ. ಡಿಸ್ಕ್ ಒರೆಸುವ ಮೊದಲು ಮನೆಯವರತ್ತ ತಿರುಗಿ ಕೇಳುತ್ತಾರೆ, “ಡೇಟಾ ಏನಾದ್ರೂ ಇದೆಯಾ?”

“ಏನಿಲ್ಲ ಮಾವ. ನಾಲ್ಕು ಫೋಟೋ ಅಷ್ಟೆ.”

ಅನುಭವಸ್ಥರು ಈ ಮಾತನ್ನು ನಂಬುವುದಿಲ್ಲ. ಪೆನ್‌ಡ್ರೈವಿನಿಂದಲೇ ಉಬುಂಟು ಎಬ್ಬಿಸಿ, ಒಳಗಿನ ಡಿಸ್ಕನ್ನು ತೆರೆದು ಸುಮ್ಮನೆ ಕಾಯುತ್ತಾರೆ. ಐದು ನಿಮಿಷಕ್ಕೆ ಹಜಾರದಿಂದ ಮಗನ ದನಿ: “ಡೌನ್‌ಲೋಡ್ಸ್‌ನಲ್ಲಿ ನನ್ನ ರೆಸ್ಯೂಮ್ ಇದೆ.” ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಅತ್ತೆ: “ಸೀಮಂತದ ವಿಡಿಯೋ ಅದ್ರಲ್ಲೇ ಅಲ್ವೇನ್ರೀ ಇದ್ದಿದ್ದು?” ಮನೆಯ ಯಜಮಾನರಿಗೆ ಸೈಟಿನ ಖಾತೆ ಪತ್ರದ ಸ್ಕ್ಯಾನ್ ನೆನಪಾಗುವುದು ಎರಡನೇ ಕಾಫಿಯ ಹೊತ್ತಿಗೆ. ಎಲ್ಲವೂ ಡೆಸ್ಕ್‌ಟಾಪಿನ ಮೇಲೆ ಹರಡಿಕೊಂಡಿದೆ, “ನ್ಯೂ ಫೋಲ್ಡರ್”, “ನ್ಯೂ ಫೋಲ್ಡರ್ 2”, “ನ್ಯೂ ಫೋಲ್ಡರ್ ಫೈನಲ್” ಎಂಬ ಹೆಸರುಗಳಲ್ಲಿ. “ಸಿ ಡ್ರೈವಲ್ಲಿ ಏನೂ ಇಡ್ಬೇಡಿ, ಡಿಯಲ್ಲಿ ಇಡಿ ಅಂತ ಹೋದ್ಸಲವೇ ಹೇಳಿದ್ನಲ್ಲ” ಎಂದು ಗೊಣಗುತ್ತ ಮಾವ ಒಂದೊಂದಾಗಿ ನಕಲು ತೆಗೆಯುತ್ತಾರೆ. ಯಾವ ಮನೆಯಲ್ಲಿ ಯಾರ ಸಾಲವೆಷ್ಟು, ಯಾರ ಜಾತಕ ಎಷ್ಟು ಕಡೆ ಹೋಗಿ ಬಂದಿದೆ ಎಂಬುದೆಲ್ಲ ಅವರ ಕಣ್ಣ ಮುಂದೆ ಹಾದುಹೋಗುತ್ತದೆ. ಇಷ್ಟು ವರ್ಷಗಳಲ್ಲಿ ಒಂದು ಮನೆಯ ಮಾತು ಇನ್ನೊಂದು ಮನೆಗೆ ಹೋದದ್ದಿಲ್ಲ. ನಮ್ಮ ಬಂಧುಬಳಗದಲ್ಲಿ ಹೀಗೆ ಹೇಳಿಸಿಕೊಳ್ಳಬಲ್ಲವರು ಬೇರೆ ಯಾರೂ ಇಲ್ಲ.

ಇನ್‌ಸ್ಟಾಲ್ ಶುರುವಾದ ಮೇಲೆ ಮಾಡಲು ಕೆಲಸವಿಲ್ಲ. ಆದರೆ ಮಾವ ಏಳುವ ಹಾಗಿಲ್ಲ. ಎಕ್ಸ್‌ಪಿ ಕಾಲ ಚೆನ್ನಾಗಿತ್ತು. ಪರದೆಯ ಎಡಗಡೆ ಇನ್ನು 39 ನಿಮಿಷ ಎಂದು ಬರುತ್ತಿತ್ತು. ಆ 39 ನಿಮಿಷ ಎಷ್ಟಾದರೂ ಹಿಗ್ಗುತ್ತಿತ್ತು. ಅಷ್ಟರಲ್ಲಿ ಉಪ್ಪಿಟ್ಟು, ಕೇಸರಿಬಾತು, ಕಾಫಿ ಮುಗಿದು, ಊರ ಕಡೆಯ ಜಮೀನಿನ ವ್ಯಾಜ್ಯ ಒಂದು ಹಂತಕ್ಕೆ ಬರುತ್ತಿತ್ತು. ಈಗ ಎಸ್‌ಎಸ್‌ಡಿ ಬಂದು ಒಗ್ಗರಣೆಗೆ ಸಾಸಿವೆ ಸಿಡಿಯುವಷ್ಟರಲ್ಲಿ ಕಾಪಿ ಮುಗಿದಿರುತ್ತದೆ. “ಸ್ಪೀಡ್ ಆಯ್ತು, ಸರಿ. ಆದ್ರೆ ಆ ಗಟ್ಟಿತನ ಇಲ್ಲ” ಎನ್ನುತ್ತಾರೆ ಮಾವ, ಖಾಲಿ ತಟ್ಟೆ ನೋಡುತ್ತ.

ಅಂಗಡಿಯಲ್ಲಾದರೆ ಇದಕ್ಕೆ ದುಡ್ಡು ಕೊಡಬೇಕು. ಮಾವ ಮುಟ್ಟುವುದಿಲ್ಲ. ಸಂಭಾವನೆಯೆಂದರೆ ತಿಂಡಿ, ಹೋಗುವಾಗ ಒಂದು ಡಬ್ಬಿ ಕೋಡುಬಳೆ, ಮತ್ತು ಮುಂದಿನ ಆರು ತಿಂಗಳು ಯಾರೇ ಲ್ಯಾಪ್‌ಟಾಪ್ ಕೊಳ್ಳುವುದಿದ್ದರೂ ತಮ್ಮನ್ನು ಕೇಳಿಯೇ ಕೊಳ್ಳಬೇಕೆಂಬ ಅಲಿಖಿತ ಕರಾರು. ಕೇಳದೆ ಕೊಂಡವರ ಮನೆಗೂ ಬರುತ್ತಾರೆ, ಆದರೆ ಕೂತ ಕೂಡಲೇ “ಎಷ್ಟಕ್ಕೆ ತಗೊಂಡ್ರಿ?” ಎಂದು ಕೇಳಿ, ಉತ್ತರಕ್ಕೆ “ಹೂಂ” ಎಂದಷ್ಟೇ ಅಂದು ಸುಮ್ಮನಾಗುತ್ತಾರೆ. ಆ “ಹೂಂ” ಎರಡು ದಿನ ನಿದ್ದೆಗೆಡಿಸುತ್ತದೆ.

ಹೊಸ ಕಾಲ ಮಾವನಿಗೆ ಹೊಸ ತೊಡಕು ತಂದಿದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11 ಹಾಕೋಣವೆಂದರೆ ಟಿಪಿಎಂ 2.0 ಚಿಪ್ ಬೇಕೆನ್ನುತ್ತದೆ. ಗಟ್ಟಿಮುಟ್ಟಾಗಿರುವ ಹಳೆಯ ಯಂತ್ರಗಳೆಲ್ಲ ಅದೊಂದಿಲ್ಲದೆ ಅನರ್ಹವಾದವು. ಅದಕ್ಕಿಂತ ದೊಡ್ಡ ಪೀಡೆ ಡಿಸ್ಕಿಗೇ ಬೀಗ ಜಡಿಯುವ ಬಿಟ್‌ಲಾಕರ್. ಎಂಜಿನಿಯರಿಂಗ್ ಓದುವ ಸೊಸೆಯೊಬ್ಬಳ ಲ್ಯಾಪ್‌ಟಾಪ್ ಬಯಾಸ್ ಅಪ್‌ಡೇಟ್ ಆದ ಮರುದಿನ ನೀಲಿ ಪರದೆ ತೋರಿಸಿ 48 ಅಂಕಿಗಳ ಕೀ ಕೊಡು ಎಂದು ಕೂತಿತು. ಮಾವ ಪೌಚಿನ ಜಿಪ್ ಎಳೆದರು. “ಮಾವ, ಒಂದ್ನಿಮಿಷ” ಎಂದ ಹುಡುಗಿ ತನ್ನ ಫೋನಿನಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ತೆರೆದು ಕೀ ಹುಡುಕಿ, ಆರಾರು ಅಂಕಿಯಂತೆ ಓದುತ್ತ ಹೋದಳು; ಮಾವ ಟೈಪ್ ಮಾಡಿದರು. ಎಂಟನೆಯ ಗುಂಪು ಮುಗಿದು ಎಂಟರ್ ಒತ್ತಿದರೆ ಯಂತ್ರ ಏನೂ ಆಗದವರ ಹಾಗೆ ಎದ್ದಿತು. ಹಳೆಯ ವಾಲ್‌ಪೇಪರು, ಹಳೆಯ ಫೈಲು, ಎಲ್ಲ ಇದ್ದಲ್ಲೇ.

ಮಾವ ಬಹಳ ಹೊತ್ತು ಪರದೆ ನೋಡಿದರು. “ಸರಿಹೋಯ್ತು. ಆದ್ರೂ ಒಂದ್ಸಲ ಫಾರ್ಮ್ಯಾಟ್ ಮಾಡ್ಬಿಟ್ರೆ ಒಳ್ಳೇದು.”

ಅವರನ್ನು ಸೋಲಿಸಿದ್ದು ಬಿಟ್‌ಲಾಕರ್ ಅಲ್ಲ, ಹಿಂದಿನ ಬೀದಿಯ ನಿವೃತ್ತ ಕನ್ನಡ ಮೇಷ್ಟ್ರು. ಮೇಷ್ಟ್ರು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದ ಪ್ರವಾಸ ಕಥನದ ಫೈಲನ್ನು ಮಾವ ಜೋಪಾನವಾಗಿ ತೆಗೆದಿಟ್ಟು, ಫಾರ್ಮ್ಯಾಟ್ ಮಾಡಿ, ವಾಪಸ್ ಹಾಕಿಕೊಟ್ಟರು. ಸಂಜೆ ಮೇಷ್ಟ್ರು ಫೈಲ್ ತೆರೆದರೆ ಒಂದಕ್ಷರ ಕನ್ನಡವಿಲ್ಲ. ಕರ್ನಾಟಕ ಎಂದು ಇರಬೇಕಾದ ಕಡೆ ಇಂಗ್ಲಿಷಿನ ಪಿ, ಅದರ ಪಕ್ಕ ತಲೆಯ ಮೇಲೆ ಗೀರಿರುವ ಎ, ಆಮೇಲೆ ಒಂದು ಪೌಂಡಿನ ಗುರುತು. ಇನ್ನೂರು ಪುಟವೂ ಹೀಗೆಯೇ. “ಕನ್ನಡದ ಮೇಲೆ ಇಂಗ್ಲಿಷಿನ ದಬ್ಬಾಳಿಕೆ ಅಂತ ರಾಜ್ಯೋತ್ಸವದ ಭಾಷಣದಲ್ಲಿ ಹೇಳ್ತಿದ್ದೆ. ಈಗ ಕಣ್ಣಾರೆ ಕಂಡೆ” ಎಂದರು ಫೋನಿನಲ್ಲಿ.

ಆದದ್ದಿಷ್ಟೇ: ಆ ಕಾಲದ ನುಡಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಫಾರ್ಮ್ಯಾಟಿನಲ್ಲಿ ಫಾಂಟ್ ಹೋಯಿತು. ಒಳಗಿನ ಅಸ್ಥಿಪಂಜರ ಕಂಡಿತು. ಮಾವ ಓಡಿಬಂದು ನುಡಿ ಹಾಕಿಕೊಟ್ಟು ಕನ್ನಡವನ್ನು ಮರಳಿ ತಂದರು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಉತ್ಸಾಹ ಕೇಳಬೇಕಲ್ಲ, “ಮೇಷ್ಟ್ರೇ, ಯೂನಿಕೋಡಿಗೆ ಬದಲಾಯಿಸಿಬಿಡ್ತೀನಿ, ಇನ್ನು ಜನ್ಮದಲ್ಲಿ ತೊಂದರೆ ಇಲ್ಲ” ಎಂದು ಪರಿವರ್ತಕದಲ್ಲಿ ಹಾಕಿ ತೆಗೆದರು.

ಮರುದಿನ ಬೆಳಿಗ್ಗೆ ಮೇಷ್ಟ್ರು ಪ್ರಿಂಟ್ ತೆಗೆದ ಹಾಳೆಗಳೊಂದಿಗೆ ಬಂದರು. ಅಲ್ಲಲ್ಲಿ ಅರ್ಕಾವತ್ತು ಜಾಗ ಬಿಟ್ಟು ಪಕ್ಕದ ಅಕ್ಷರಕ್ಕೆ ಹತ್ತಿಕೊಂಡಿತ್ತು. ಅಂಥ ಕಡೆಗೆಲ್ಲ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಅಂಚಿನಲ್ಲಿ ಅಂಕ ಕಳೆದಿದ್ದರು.

“ಇದನ್ನ ತಿದ್ದಿಬಿಡ್ಬೋದು ಮೇಷ್ಟ್ರೇ.”

“ತಿದ್ದೋದು ಹಾಗಿರಲಿ, ಪ್ರೆಸ್ಸಿನವರು ಪೇಜ್‌ಮೇಕರ್‌ಗೆ ಹಳೇ ನುಡೀಲೇ ಬೇಕು ಅಂತಿದ್ದಾರೆ. ನನಗೇನೋ ಒಂದು ಹೊಳೀತು ನೋಡಿ” ಎಂದು ಮೇಷ್ಟ್ರು ಲ್ಯಾಪ್‌ಟಾಪ್ ಮುಂದೆ ತಳ್ಳಿದರು. “ಇನ್ನೊಂದ್ಸಲ ಫಾರ್ಮ್ಯಾಟ್ ಮಾಡ್ಬಿಟ್ರೆ ಹೇಗೆ?”

“ಬೇಡ ಮೇಷ್ಟ್ರೇ,” ಎಂದರು ಮಾವ. “ಎಲ್ಲದಕ್ಕೂ ಫಾರ್ಮ್ಯಾಟ್ ಅಂದ್ರೆ ಹೇಗೆ?”